ಇಂಜಿನ್ನಿಗೂ ಉಸಿರು ಬೇಕು: ಆಯಿಲ್ ಸೋರಿಕೆಯ ಒಂದು ಚರಿತ್ರೆ

2003ನೇ ಇಸವಿ. ಸತತ ಮೂರನೇ ವರ್ಷದ ಬರ. ನಾನಾಗ ಏಳನೇ ಕ್ಲಾಸು. ತುಮಕೂರು ಜಿಲ್ಲೆಯ ನಮ್ಮೂರಲ್ಲಿ ಬೋರ್‌ವೆಲ್‌ಗಳೆಲ್ಲ ಕೈಕೊಟ್ಟಿದ್ದವು. ಕೆರೆ ಹಿಂದಿನ ನಮ್ಮ ತೋಟದ ತೆರೆದ ಬಾವಿಯಲ್ಲಿ ಮಾತ್ರ ಎರಡು ಆಳು ನೀರಿತ್ತು. ನಾವು ಮತ್ತು ಅಕ್ಕಪಕ್ಕದ ಮೂರು ಮನೆಯವರು ಕುಡಿಯುತ್ತಿದ್ದದ್ದು ಅದೇ ನೀರು. ಉಳಿದ ಅಡಿಕೆ ಗಿಡಗಳು ಬದುಕಿದ್ದೂ ಅದರಿಂದಲೇ.

ಕರೆಂಟು ರಾತ್ರಿ ಎರಡು ಗಂಟೆ ಬಂದರೆ ಹೆಚ್ಚು. ಬಂದರೂ ಮೋಟಾರು ಎತ್ತುವಷ್ಟು ವೋಲ್ಟೇಜ್ ಇರುತ್ತಿರಲಿಲ್ಲ. ಹಾಗಾಗಿ ಅಪ್ಪ ಶೆಡ್ಡಿನಲ್ಲಿ ಏಳೆಂಟು ವರ್ಷದಿಂದ ಗೋಣಿಚೀಲ ಹೊದ್ದು ಮಲಗಿದ್ದ ಅಜ್ಜನ ಕಾಲದ 5 ಎಚ್‌ಪಿ ಡೀಸೆಲ್ ಇಂಜಿನ್ನನ್ನು ಎಬ್ಬಿಸಿದರು. ಎರಡು ದೊಡ್ಡ ಚಕ್ರದ, ನಿಧಾನಕ್ಕೆ ಓಡುವ ಲಿಸ್ಟರ್ ಮಾದರಿಯ ಇಂಜಿನ್. ಹ್ಯಾಂಡಲ್ ಹಾಕಿ ತಿರುಗಿಸಿದ ನಾಲ್ಕನೇ ಸಲಕ್ಕೆ ಅದು ಟುಕ್ ಟುಕ್ ಎಂದಾಗ ಮನೆಮಂದಿಯೆಲ್ಲ ಹಬ್ಬದಂತೆ ನಿಂತು ನೋಡಿದ್ದೆವು.

ವಾರ ಕಳೆಯಿತು. ಒಂದು ಬೆಳಗ್ಗೆ ಅವ್ವ ಬಿಂದಿಗೆ ತಂದು ಜಗಲಿ ಮೇಲಿಟ್ಟು ಅಪ್ಪನನ್ನು ಕರೆದಳು. "ಇಲ್ಲಿ ನೋಡ್ರಿ, ನೀರಿನ ಮೇಲೆ ನವಿಲುಗರಿ ಬಣ್ಣ ಆಡ್ತೈತೆ."

ಇಂಜಿನ್ ಕೂರಿಸಿದ್ದ ಕಟ್ಟೆಯಿಂದ ಕಪ್ಪು ಆಯಿಲ್ ತೊಟ್ಟು ತೊಟ್ಟಾಗಿ ಇಳಿದು, ಕಲ್ಲಿನ ಸಂದಿಯಲ್ಲಿ ಹರಿದು ಬಾವಿಗೆ ಸೇರುತ್ತಿತ್ತು. ಅಪ್ಪ ಪೇಟೆಯಿಂದ ಮೆಕ್ಯಾನಿಕ್ಕನ್ನು ಕರೆತಂದರು. ಪ್ಯಾಕಿಂಗ್ ಬದಲಾಯಿತು. ಎರಡು ದಿನ ಬಿಟ್ಟು ಮತ್ತೆ ಸೋರಿತು. ಮತ್ತೆ ಪ್ಯಾಕಿಂಗ್ ಬದಲಾಯಿತು, ಈ ಸಲ ಗಮ್ಮೂ ಬಳಿದಾಯಿತು. ಮತ್ತೆ ಸೋರಿತು. ಬರದ ವರ್ಷದಲ್ಲಿ ಎರಡು ಸಲ ರಿಪೇರಿಗೆ ಸಾಲ ಮಾಡಿದ ಅಪ್ಪ, ಇಂಜಿನ್ನನ್ನು ಗುಜರಿಗೆ ಹಾಕುವ ಮಾತಾಡತೊಡಗಿದರು.

ಆ ಸೋರಿಕೆ ನಿಂತದ್ದು ಹೇಗೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಚರಿತ್ರೆ ಹೇಳಬೇಕು. ಇಂಜಿನ್ನಿನೊಳಗೆ ಎಣ್ಣೆಯನ್ನು ನಿಲ್ಲಿಸಲು ಮನುಷ್ಯ ಒಂದೊಂದು ಕಾಲದಲ್ಲಿ ಒಂದೊಂದು ಉಪಾಯ ಕಂಡುಕೊಂಡ. ಇವತ್ತು ನಿಮ್ಮ ಅಂಗಳದಲ್ಲಿ ನಿಂತ ಬೈಕಿನಲ್ಲಿ ಆ ಉಪಾಯಗಳೆಲ್ಲ ಒಟ್ಟಿಗೇ ಇವೆ. ಯಾವುದು ಸೋತಿದೆ ಎಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ.

ಸೋರುವುದೇ ನಿಯಮವಾಗಿದ್ದ ಕಾಲ

ಎತ್ತಿನಗಾಡಿಯ ಕೀಲೆಣ್ಣೆ ನೆನಪಿಸಿಕೊಳ್ಳಿ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಅಚ್ಚಿಗೆ ಹಾಕುತ್ತಿದ್ದರು. ಗಾಡಿ ಓಡಿದಂತೆ ಅದು ಕರಗಿ, ಹೊರಗೆ ಬಂದು, ದಾರಿಗೆ ಬೀಳುತ್ತಿತ್ತು. ಮತ್ತೆ ಹಾಕಬೇಕು. ಅದನ್ನು ಯಾರೂ ಸೋರಿಕೆ ಎನ್ನಲಿಲ್ಲ. ಎಣ್ಣೆಯ ಕೆಲಸವೇ ಅದು: ಬರಬೇಕು, ಸವೆತ ತಡೆಯಬೇಕು, ಹೋಗಬೇಕು.

ಮೊದಮೊದಲ ಇಂಜಿನ್‌ಗಳೂ ಹಾಗೇ ಇದ್ದವು. ನೂರು ವರ್ಷದ ಹಿಂದಿನ ಮೋಟಾರ್‌ಸೈಕಲ್ಲುಗಳಲ್ಲಿ ಸವಾರ ಹೋಗುತ್ತಾ ಹೋಗುತ್ತಾ ಕೈಪಂಪನ್ನು ಒತ್ತಿ ಇಂಜಿನ್ನಿಗೆ ಒಂದೊಂದು ಪಾಲು ಎಣ್ಣೆ ಕುಡಿಸಬೇಕಿತ್ತು. ಒಳಗೆ ಹೋದ ಎಣ್ಣೆಯಲ್ಲಿ ಸ್ವಲ್ಪ ಹೊಗೆಯಾಗುತ್ತಿತ್ತು, ಉಳಿದದ್ದು ರಸ್ತೆಗೆ ಬೀಳುತ್ತಿತ್ತು. ವಾಪಸ್ ಬಂದು ಮತ್ತೆ ಸುತ್ತುವ ವ್ಯವಸ್ಥೆಯೇ ಇರಲಿಲ್ಲ.

ಮೊದಲ ಮಹಾಯುದ್ಧದ ವಿಮಾನಗಳದ್ದು ಇನ್ನೂ ಸೋಜಿಗ. ಆಗಿನ ಹಲವು ಯುದ್ಧವಿಮಾನಗಳಲ್ಲಿ ಇಂಜಿನ್ನೇ ರೆಕ್ಕೆಪಂಖದ ಜೊತೆ ಗಿರಗಿರ ತಿರುಗುತ್ತಿತ್ತು. ಅದಕ್ಕೆ ಹಾಕುತ್ತಿದ್ದದ್ದು ನಮ್ಮ ಹೊಲದಂಚಿನ ಹರಳಿನ ಎಣ್ಣೆ. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭಕ್ಕೆ ಬೆರೆಯುವುದಿಲ್ಲ, ಬಿಸಿಗೂ ತಡೆದು ನಿಲ್ಲುತ್ತದೆ ಎಂಬುದು ಕಾರಣ. ಉರಿದು ಉಳಿದ ಎಣ್ಣೆಯೆಲ್ಲ ಹಿಂದೆ ಕೂತ ಪೈಲಟ್ಟಿನ ಮುಖಕ್ಕೆ, ಕನ್ನಡಕಕ್ಕೆ ಎರಚುತ್ತಿತ್ತು. ಇವತ್ತು ಆಯಿಲ್ ಅಂಗಡಿಯಲ್ಲಿ ಕಾಣುವ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳಿನಿಂದಲೇ. ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎನ್ನುತ್ತಾರೆ.

ಎಣ್ಣೆಯನ್ನು ಒಳಗೇ ಕೂಡಿಹಾಕಿದ್ದು

ಸುರಿದು ಕಳೆಯುವುದು ದುಬಾರಿ. ಹಾಗಾಗಿ ಇಂಜಿನ್ನಿನ ಕೆಳಗೆ ಒಂದು ತೊಟ್ಟಿ ಮಾಡಿ, ಎಣ್ಣೆಯನ್ನು ಅಲ್ಲೇ ನಿಲ್ಲಿಸಿ, ತಿರುಗುವ ಕ್ರ್ಯಾಂಕಿನಿಂದ ಎರಚಿಸಿ, ಇಲ್ಲವೇ ಪಂಪಿನಿಂದ ಮೇಲೆತ್ತಿ, ಮತ್ತೆ ಕೆಳಗಿಳಿಯುವಂತೆ ಮಾಡಿದರು. ನಮ್ಮ ಮೆಕ್ಯಾನಿಕ್ಕುಗಳು ಚೇಂಬರ್ ಎನ್ನುವುದು ಈ ತೊಟ್ಟಿಗೇ.

ಇಲ್ಲಿಂದಲೇ ಸೋರಿಕೆ ಎಂಬ ತೊಂದರೆ ಶುರುವಾದದ್ದು. ಒಳಗಿರಬೇಕಾದದ್ದು ಹೊರಬಂದರೆ ತಾನೇ ಅದು ಸೋರಿಕೆ?

ಎರಡು ಕಡೆ ಕಷ್ಟ ಇತ್ತು. ಒಂದು, ಎರಡು ಲೋಹದ ಭಾಗ ಕೂಡುವ ಜಾಗ. ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಅಲ್ಲಿ ಸಣ್ಣ ಏರುತಗ್ಗು ಇರುತ್ತದೆ. ಅದನ್ನು ತುಂಬಲು ಎಣ್ಣೆಯಲ್ಲಿ ನೆನೆಸಿದ ಕಾಗದ, ಕಾರ್ಕು, ಆಸ್ಬೆಸ್ಟಾಸ್ ಇಟ್ಟರು. ಅದೇ ಪ್ಯಾಕಿಂಗ್. ಎರಡು, ತಿರುಗುವ ಶಾಫ್ಟ್ ಹೊರಗೆ ಬರುವ ಜಾಗ. ಅಲ್ಲಿ ಬಿಗಿಯಾಗಿ ಏನನ್ನಾದರೂ ತುರುಕಿದರೆ ಉಜ್ಜಿ ಸುಟ್ಟುಹೋಗುತ್ತದೆ, ಸಡಿಲ ಬಿಟ್ಟರೆ ಸೋರುತ್ತದೆ.

ಹಳೆಯ ನಿಧಾನ ಇಂಜಿನ್‌ಗಳು ಇದಕ್ಕೆ ಜಾಣ ಉಪಾಯ ಮಾಡಿಕೊಂಡವು. ಶಾಫ್ಟಿಗೆ ಒಂದು ಬಳೆ ಹಾಕಿದರು. ಹರಿದು ಬಂದ ಎಣ್ಣೆಯನ್ನು ಅದು ತಿರುಗುವ ರಭಸಕ್ಕೆ ಸಿಡಿಸಿ ಒಳಕ್ಕೇ ಎಸೆಯುತ್ತಿತ್ತು. ಕೆಲವು ಇಂಜಿನ್‌ಗಳಲ್ಲಿ ಶಾಫ್ಟಿನ ಸುತ್ತ ಸ್ಕ್ರೂವಿನಂತೆ ಗೀರು ಹಾಕಿ, ಎಣ್ಣೆ ತಾನಾಗೇ ಹಿಂದಕ್ಕೆ ತಿರುಪಿಕೊಂಡು ಹೋಗುವಂತೆ ಮಾಡಿದರು. ರಬ್ಬರೂ ಇಲ್ಲ, ಚರ್ಮವೂ ಇಲ್ಲ.

ಆದರೆ ಈ ಉಪಾಯ ನಡೆಯಬೇಕಾದರೆ ಒಂದು ಷರತ್ತಿದೆ. ಒಳಗಿನ ಗಾಳಿ ಹೊರಕ್ಕೆ ದಬ್ಬಬಾರದು.

ಪಿಸ್ಟನ್ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಕೆಳಗೆ ಬಂದಾಗಲೆಲ್ಲ ತನ್ನ ಕೆಳಗಿರುವ ಗಾಳಿಯನ್ನು ಒತ್ತುತ್ತದೆ. ಇಂಗ್ಲೆಂಡಿನ ಡರ್ಸ್ಲಿ ಊರಿನಲ್ಲಿ 1930ರ ಹೊತ್ತಿಗೆ ತಯಾರಿಗೆ ಬಂದ 5 ಎಚ್‌ಪಿ ಲಿಸ್ಟರ್ ಇಂಜಿನ್ನಿನ ಸಿಲಿಂಡರ್ ಸುಮಾರು 1.4 ಲೀಟರಿನದು. ಅಂದರೆ ಪಿಸ್ಟನ್ ಒಂದು ಸಲ ಇಳಿದರೆ ಅಷ್ಟು ಗಾಳಿ ಕೆಳಗೆ ನೂಕಿದಂತೆ. ಅದು ನಿಮಿಷಕ್ಕೆ 600ರಿಂದ 650 ಸುತ್ತು ತಿರುಗುತ್ತದೆ. ಅದರ ಜೊತೆಗೆ ರಿಂಗುಗಳ ಸಂದಿಯಿಂದ ಉರಿದ ಗ್ಯಾಸೂ ಕೆಳಗಿಳಿಯುತ್ತದೆ. ಈ ಒತ್ತಡಕ್ಕೆ ದಾರಿ ಬೇಡವೇ?

ಆ ದಾರಿಯೇ ಬ್ರೀದರ್. ಲಿಸ್ಟರ್ ಇಂಜಿನ್ನಿನ ಹೊಟ್ಟೆಯ ಬಾಗಿಲ ಮೇಲೆ ಬಿಲ್ಲೆಯಷ್ಟು ಚಿಕ್ಕ ತಗಡಿನ ಕವಾಟ ಇದೆ. ಪಿಸ್ಟನ್ ಇಳಿದಾಗ ಅದು ತೆರೆದು ಗಾಳಿ ಬಿಡುತ್ತದೆ, ಏರಿದಾಗ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಒಳಗೆ ಯಾವಾಗಲೂ ಒತ್ತಡ ಸ್ವಲ್ಪ ಕಡಿಮೆಯೇ ಇರುತ್ತದೆ. ಎಲ್ಲಿ ಸಂದಿಯಿದ್ದರೂ ಗಾಳಿ ಹೊರಗಿನಿಂದ ಒಳಗೆ ಬರುತ್ತದೆಯೇ ಹೊರತು, ಎಣ್ಣೆ ಒಳಗಿನಿಂದ ಹೊರಗೆ ಬರುವುದಿಲ್ಲ. ಸೀಲ್ ಇಲ್ಲದ ಇಂಜಿನ್ ಸೋರದೆ ನಿಂತದ್ದು ಹೀಗೆ, ಉಸಿರಾಟದ ಬಲದಿಂದ.

ಚರ್ಮದಿಂದ ರಬ್ಬರಿಗೆ

ಇಂಜಿನ್‌ಗಳ ವೇಗ ಹೆಚ್ಚಿದಂತೆ ಸಿಡಿಸುವ ಬಳೆ ಸಾಲದಾಯಿತು. ಶಾಫ್ಟಿನ ಸುತ್ತ ತುಟಿಯಂತೆ ಕಚ್ಚಿಕೊಂಡು ಕೂರುವ ಸೀಲ್ ಬೇಕಾಯಿತು. ಮೊದಲು ಬಂದದ್ದು ಚರ್ಮದ ಸೀಲ್. ಜರ್ಮನಿಯಲ್ಲಿ ಈ ಸೀಲ್‌ಗೆ ಹೆಸರಾದ ಫ್ರಾಯ್ಡನ್‌ಬರ್ಗ್ ಕಂಪನಿ ಮೂಲದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ. ಚರ್ಮ ಎಣ್ಣೆ ಕುಡಿದು ಮೆತ್ತಗಾಗುತ್ತದೆ, ಶಾಫ್ಟನ್ನು ಅಪ್ಪಿಕೊಳ್ಳುತ್ತದೆ. ಆದರೆ ಹೆಚ್ಚು ಬಿಸಿಗೆ ಸುಟ್ಟು ಗಟ್ಟಿಯಾಗುತ್ತದೆ.

ರಬ್ಬರ್ ಯಾಕೆ ಹಾಕಲಿಲ್ಲ ಎಂದು ನೀವು ಕೇಳಬಹುದು. ಮರದಿಂದ ಇಳಿಸಿದ ರಬ್ಬರಿಗೆ ಎಣ್ಣೆ ಆಗದು. ಸೈಕಲ್ ಟ್ಯೂಬಿನ ತುಂಡನ್ನು ಇಂಜಿನ್ ಆಯಿಲಿನಲ್ಲಿ ಕೆಲವು ದಿನ ಹಾಕಿಟ್ಟು ನೋಡಿ, ಉಬ್ಬಿ ಬಲ ಕಳೆದುಕೊಂಡಿರುತ್ತದೆ. 1930ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ಎಣ್ಣೆಗೆ ಜಗ್ಗದ ನೈಟ್ರೈಲ್ ರಬ್ಬರ್ ತಯಾರಿಸಿದ ಮೇಲೆ ದಾರಿ ತೆರೆಯಿತು. ಇವತ್ತು ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಕಪ್ಪು ಆಯಿಲ್ ಸೀಲುಗಳಲ್ಲಿ ಬಹುಪಾಲು ಅದೇ ರಬ್ಬರಿನವು. ಅದಕ್ಕೇ ಹೇಳುವುದು, ಸೀಲ್ ಹೋದ ಜಾಗಕ್ಕೆ ಟ್ಯೂಬ್ ಕತ್ತರಿಸಿ ಹಾಕಬೇಡಿ.

ಅದೇ ದಶಕದಲ್ಲಿ ಡೆನ್ಮಾರ್ಕಿನಿಂದ ಅಮೆರಿಕಕ್ಕೆ ವಲಸೆ ಬಂದಿದ್ದ ನೀಲ್ಸ್ ಕ್ರಿಸ್ಟೆನ್ಸನ್ ಎಂಬ ವಯಸ್ಸಾದ ಇಂಜಿನಿಯರ್ ಒಂದು ಸರಳ ವಸ್ತು ಮಾಡಿದರು. ಬಳೆಯಂಥ ರಬ್ಬರ್ ಉಂಗುರ, ಅದು ಕೂರಲು ಒಂದು ಗಾಡಿ. ಅದೇ ಓ ರಿಂಗ್. 1939ರಲ್ಲಿ ಪೇಟೆಂಟ್ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಆ ಪೇಟೆಂಟಿನ ಹಕ್ಕು ತೆಗೆದುಕೊಂಡು ಹಲವು ಕಾರ್ಖಾನೆಗಳಿಗೆ ಮಾಡಲು ಬಿಟ್ಟಿತು. ಅಲ್ಲಿಂದ ಅದು ಜಗತ್ತಿಗೆ ಹರಡಿತು. ನಿಮ್ಮ ಬೈಕಿನ ಟ್ಯಾಪೆಟ್ ಮುಚ್ಚಳ ಬಿಚ್ಚಿದರೆ ಕಾಣುವ ಉಂಗುರ ಇದೇ.

ಓ ರಿಂಗಿನ ಜೀವ ಇರುವುದು ಅದರ ಮೆತ್ತನೆಯ ಗುಣದಲ್ಲಿ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ ಒಂದೇ ನಿಮಿಷ ಚಿಲ್ಲರೆಯಲ್ಲಿ ಚೂರಾಗಿ ಏಳು ಜನ ಸತ್ತರು. ಆ ದಿನದ ಚಳಿಗೆ ರಾಕೆಟ್ಟಿನ ಓ ರಿಂಗ್ ಗಟ್ಟಿಯಾಗಿ ಸಂದಿ ಮುಚ್ಚದೆ ಹೋದದ್ದು ಕಾರಣ. ನಮ್ಮ ಬೈಕಿನಲ್ಲಿ ಅದು ಗಟ್ಟಿಯಾಗುವುದು ವರ್ಷಗಟ್ಟಲೆ ತಿಂದ ಬಿಸಿಯಿಂದ. ಉಗುರಲ್ಲಿ ಒತ್ತಿದರೆ ತಗ್ಗದ, ಚಪ್ಪಟೆಯಾದ ಉಂಗುರವನ್ನು ಮತ್ತೆ ಹಾಕಬಾರದು.

1953ರಲ್ಲಿ ಅಮೆರಿಕದ ಪ್ರೊಫೆಸರ್ ವೆರ್ನನ್ ಕ್ರೀಬಲ್ ಇನ್ನೊಂದು ದಾರಿ ತೋರಿಸಿದರು. ಗಾಳಿ ಇರುವವರೆಗೆ ದ್ರವವಾಗಿದ್ದು, ಎರಡು ಲೋಹದ ನಡುವೆ ಗಾಳಿ ತಪ್ಪಿದ ಕೂಡಲೇ ಗಟ್ಟಿಯಾಗುವ ಅಂಟು. ಸಿಲಿಕಾನ್ ಗಮ್ ಬೇರೆ ಜಾತಿಯದು, ಅದು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ಹೀಗೆ ಕಾಗದದ ಪ್ಯಾಕಿಂಗಿನ ಜಾಗಕ್ಕೆ ಹಲವು ಕಡೆ ಟ್ಯೂಬಿನ ಗಮ್ ಬಂತು.

ನಮ್ಮೂರುಗಳಿಗೆ ಬಂದ ಮೂರು ಬೈಕು

ಈ ಚರಿತ್ರೆ ನಮ್ಮ ಬೀದಿಗೆ ಮುಖ್ಯವಾಗಿ ಮೂರು ಬಗೆಯ ಬೈಕುಗಳ ಮೇಲೆ ಕೂತು ಬಂತು.

ಮೊದಲನೆಯದು ಬುಲೆಟ್. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಆ ಹಳೆಯ ಬುಲೆಟ್ಟಿನ 350 ಇಂಜಿನ್ 346 ಸಿಸಿ. ಅದರ ಪ್ರೈಮರಿ ಚೈನಿನ ಕವರನ್ನು ಹಿಡಿದಿಟ್ಟದ್ದು ನಡುಮಧ್ಯದ ಒಂದೇ ಒಂದು ನಟ್ಟು, ಸುತ್ತ ಒಂದು ರಬ್ಬರ್. ನಟ್ಟು ಸಡಿಲವಾದರೂ ಸೋರುತ್ತದೆ, ವಿಪರೀತ ಬಿಗಿದರೂ ಕವರ್ ಬಾಗಿ ಸೋರುತ್ತದೆ. ಅದರ ಬ್ರೀದರಿನಲ್ಲಿ ಬಾತುಕೋಳಿ ಕೊಕ್ಕಿನಂಥ ರಬ್ಬರ್ ತುಟಿ ಇತ್ತು. ಗಾಳಿಯನ್ನು ಹೊರಗೆ ಬಿಟ್ಟು, ಒಳಗೆ ಬಾರದಂತೆ ಮುಚ್ಚಿಕೊಳ್ಳುತ್ತಿತ್ತು. ಅದು ಗಟ್ಟಿಯಾಗಿ ಅಂಟಿಕೊಂಡರೆ ಇಡೀ ಇಂಜಿನ್ ಬೆವರುತ್ತಿತ್ತು. ಬುಲೆಟ್ ನಿಲ್ಲಿಸಿದ ಜಾಗದಲ್ಲಿ ಆಯಿಲ್ ಕಲೆ ಇಲ್ಲದಿದ್ದರೆ ಆಯಿಲ್ಲೇ ಇಲ್ಲ ಎಂದರ್ಥ ಎಂದು ಜನ ನಗಾಡುತ್ತಿದ್ದರು.

ಎರಡನೆಯದು ನಮ್ಮ ಮೈಸೂರಿನ ಜಾವಾ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗಿ, ಆಮೇಲೆ ಯೆಜ್ಡಿ ಎಂಬ ಹೆಸರು ಪಡೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಓಡಿತು. ಅದು ಟೂ ಸ್ಟ್ರೋಕ್. ಎಣ್ಣೆ ಪೆಟ್ರೋಲಿನ ಜೊತೆಗೇ ಬೆರೆತು ಉರಿದುಹೋಗುತ್ತಿತ್ತು. ಒಂದು ರೀತಿಯಲ್ಲಿ ಹಳೆಯ ಕೀಲೆಣ್ಣೆಯ ಪದ್ಧತಿಯೇ. ಆದರೆ ಗೇರ್‌ಬಾಕ್ಸಿನಲ್ಲಿ ಬೇರೆ ಆಯಿಲ್ ಇತ್ತು. ಕ್ರ್ಯಾಂಕ್ ಸೀಲ್ ಹೋದರೆ ಆ ಆಯಿಲನ್ನು ಇಂಜಿನ್ ಒಳಗಿಂದೊಳಗೇ ಹೀರಿಕೊಂಡು ಸುಡುತ್ತಿತ್ತು. ನೆಲದ ಮೇಲೆ ಒಂದು ತೊಟ್ಟೂ ಇಲ್ಲ, ಆದರೆ ಆಯಿಲ್ ಕಡಿಮೆ, ಹಿಂದೆ ಮೋಡದಂಥ ಬಿಳಿ ಹೊಗೆ. ಎಲ್ಲ ಸೋರಿಕೆಯೂ ನೆಲಕ್ಕೆ ಬೀಳುವುದಿಲ್ಲ ಎಂಬ ಪಾಠ ಕಲಿಸಿದ್ದು ಜಾವಾ.

ಮೂರನೆಯದು 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100, ಆಮೇಲೆ 1994ರ ಸ್ಪ್ಲೆಂಡರ್. ನುಣುಪಾಗಿ ಕಡೆದ ಅಲ್ಯೂಮಿನಿಯಂ ಭಾಗಗಳು, ಒಳ್ಳೆಯ ಸೀಲುಗಳು. ನೆಲದ ಮೇಲಿನ ಕಲೆ ಮಾಯವಾಯಿತು. ಜೊತೆಗೆ ಬೆಳಗ್ಗೆ ಬಗ್ಗಿ ನೋಡುವ ಅಭ್ಯಾಸವೂ ಮಾಯವಾಯಿತು. ಹಳೆಯ ಬುಲೆಟ್ಟಿಗೆ ಎರಡು ಲೀಟರಿಗಿಂತ ಹೆಚ್ಚು ಆಯಿಲ್ ಹಿಡಿಸುತ್ತಿತ್ತು, ಅರ್ಧ ಲೀಟರ್ ಸೋರಿದರೂ ಜೀವ ಉಳಿಯುತ್ತಿತ್ತು. ಈ ಚಿಕ್ಕ ಇಂಜಿನ್ನಿನಲ್ಲಿ ಇರುವುದೇ ಒಂದು ಲೀಟರಿಗಿಂತ ಕಡಿಮೆ. ಅದರಲ್ಲಿ ಅರ್ಧ ಹೋದರೆ ಇಂಜಿನ್ ಸೀಜ್ ಆಗಲು ಒಂದು ಘಾಟಿ ಹತ್ತಿದರೆ ಸಾಕು. ಸೋರಿಕೆ ಅಪರೂಪವಾಯಿತು ನಿಜ, ಆದರೆ ಸೋರಿದಾಗ ಬೀಳುವ ಪೆಟ್ಟು ದೊಡ್ಡದಾಯಿತು.

ಮನೆಯಲ್ಲೇ ಹುಡುಕುವ ಕ್ರಮ

ಈಗ ಕೆಲಸಕ್ಕೆ ಬರೋಣ. ಇಂಜಿನ್ ನಿಲ್ಲಿಸಿ, ಆರಲು ಬಿಡಿ. ಬೈಕಾದರೆ ಸಮನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಪಂಪ್‌ಸೆಟ್ ಇಂಜಿನ್ನಾದರೆ ಚಕ್ರದ ಹತ್ತಿರ ಟವೆಲ್, ಸೆರಗು ಜೋತಾಡದಂತೆ ಕಟ್ಟಿಕೊಳ್ಳಿ.

ಮೊದಲು ಆಯಿಲ್ ಮಟ್ಟ ನೋಡಿ. ಕಡಿಮೆಯಿದ್ದರೆ ತುಂಬುವವರೆಗೆ ಓಡಿಸಬೇಡಿ. ಹೆಚ್ಚಿದ್ದರೂ ಅದೇ ಸೋರಿಕೆಗೆ ಕಾರಣ ಆಗಬಹುದು. ಒಳ್ಳೆಯದಾಗಲಿ ಎಂದು ಒಂದು ಲೋಟ ಜಾಸ್ತಿ ಹಾಕುವವರು ನಮ್ಮಲ್ಲಿ ಬಹಳ. ಅಳತೆ ಕಡ್ಡಿಯನ್ನು ತಿರುಪು ಹಾಕಿ ನೋಡಬೇಕೋ, ಸುಮ್ಮನೆ ಇಟ್ಟು ನೋಡಬೇಕೋ ಎಂಬುದು ಬೈಕಿನ ಪುಸ್ತಕದಲ್ಲಿರುತ್ತದೆ.

ಎರಡನೆಯದು ಬ್ರೀದರ್. ಇದನ್ನು ಪ್ಯಾಕಿಂಗಿಗಿಂತ ಮೊದಲು ನೋಡಬೇಕು. ಬಿಡಿಭಾಗ ಏನೂ ಬೇಡ, ದುಡ್ಡು ಬೇಡ. ಈಗಿನ ಬೈಕುಗಳಲ್ಲಿ ಇಂಜಿನ್ನಿನಿಂದ ಒಂದು ರಬ್ಬರ್ ಪೈಪು ಏರ್ ಫಿಲ್ಟರ್ ಡಬ್ಬಿಗೆ ಹೋಗುತ್ತದೆ. ಇಂಜಿನ್ನಿನ ಉಸಿರು ಊರ ಗಾಳಿಯನ್ನು ಕೆಡಿಸುತ್ತದೆ ಎಂದು ಗೊತ್ತಾದ ಮೇಲೆ, 1960ರ ದಶಕದ ಶುರುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಾರುಗಳಲ್ಲಿ ಅದನ್ನು ಮತ್ತೆ ಇಂಜಿನ್ನಿಗೇ ಕುಡಿಸುವ ಪದ್ಧತಿ ಬಂತು. ಅದೇ ಪದ್ಧತಿ ಇದು. ಆ ಪೈಪು ಮಡಚಿದೆಯೇ, ಮಣ್ಣು ಕಟ್ಟಿದೆಯೇ, ಒಳಗೆ ಮೊಸರಿನಂಥ ಕೆಸರು ತುಂಬಿದೆಯೇ ನೋಡಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಆಯಿಲ್ ನಿಂತಿದ್ದರೆ ರಿಂಗ್ ಸವೆದಿರಬಹುದು, ಇಲ್ಲವೇ ಆಯಿಲ್ ಹೆಚ್ಚಾಗಿರಬಹುದು.

ಮೂರನೆಯದು ಸೋರುವ ಜಾಗ ಹುಡುಕುವುದು. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ಇಂಜಿನ್ ಉಜ್ಜಿ ತೊಳೆಯಿರಿ. ಪೆಟ್ರೋಲ್ ಬೇಡ, ಬೀಡಿ ಬೆಂಕಿ ಹತ್ತಿರ ಬೇಡ. ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಿ. ಆಮೇಲೆ ಮುಖಕ್ಕೆ ಹಾಕುವ ಪೌಡರನ್ನು ಅನುಮಾನ ಇರುವ ಜಾಗಕ್ಕೆಲ್ಲ ಉದುರಿಸಿ. ಕೆಳಗೆ ರಟ್ಟು ಹಾಸಿ. ಹತ್ತು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿ. ಬಿಳಿ ಪೌಡರ್ ಮೇಲೆ ಕಪ್ಪು ಗೀರು ಎಲ್ಲಿ ಹುಟ್ಟಿತು ನೋಡಿ.

ಒಂದು ಮಾತು ನೆನಪಿರಲಿ. ಎಣ್ಣೆ ಕೆಳಗೆ ಹರಿಯುತ್ತದೆ, ಬೈಕು ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ತೊಟ್ಟು ಬೀಳುವ ಜಾಗ ಸೋರುವ ಜಾಗ ಅಲ್ಲ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ. ಹಾಗೇ, ಚೈನಿನ ಸ್ಪ್ರಾಕೆಟ್ ಹತ್ತಿರದ ಅಂಟು ಬರೀ ಚೈನಿಗೆ ಹಾಕಿದ ಎಣ್ಣೆಯೂ ಆಗಿರಬಹುದು.

ನಾಲ್ಕನೆಯದು ರಿಪೇರಿ. ಕಡಿಮೆ ಖರ್ಚಿನಿಂದ ಶುರು ಮಾಡಿ.

ಡ್ರೈನ್ ಬೋಲ್ಟಿನ ಬಳಿ ಸೋರಿದರೆ ವಾಷರ್ ಬದಲಿಸಿ. ತಾಮ್ರದ ವಾಷರಾದರೆ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ, ಇದು ಹಳಬರ ವಿದ್ಯೆ. ಸೋರುತ್ತದೆ ಎಂದು ಬೋಲ್ಟನ್ನು ಮೈಮೇಲೆ ಬಂದವರಂತೆ ಬಿಗಿಯಬೇಡಿ. ಅಲ್ಯೂಮಿನಿಯಂ ಮರೆ ಕಿತ್ತುಬಂದರೆ ಹತ್ತು ರೂಪಾಯಿ ಕೆಲಸ ಸಾವಿರಕ್ಕೆ ಹೋಗುತ್ತದೆ.

ಟ್ಯಾಪೆಟ್ ಮುಚ್ಚಳದಲ್ಲಿ ಸೋರಿದರೆ ಓ ರಿಂಗ್ ಬದಲಿಸಿ, ಹೊಸದಕ್ಕೆ ಒಂದು ಹನಿ ಆಯಿಲ್ ಸವರಿ ಕೂರಿಸಿ.

ಪಕ್ಕದ ಕವರಿನಲ್ಲಿ ಸೋರಿದರೆ ಆಯಿಲ್ ಇಳಿಸಿ, ಕವರ್ ಬಿಚ್ಚಿ, ಹಳೆಯ ಪ್ಯಾಕಿಂಗನ್ನು ಮರದ ಚೂರಿನಿಂದ ಕೆರೆದು ತೆಗೆಯಿರಿ. ಚಾಕು ಹಾಕಿದರೆ ಲೋಹಕ್ಕೆ ಗೀರು ಬೀಳುತ್ತದೆ, ಹೊಸ ಸೋರಿಕೆಗೆ ಅದೇ ದಾರಿ. ತುಂಬ ಹಳೆಯ ಇಂಜಿನ್ನಾದರೆ ಪ್ಯಾಕಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ತೆಗೆಯಿರಿ. ಹೊಸದನ್ನಿಟ್ಟು ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕಂಪನಿ ಗಮ್ ಹೇಳಿರುವ ಜಾಗಕ್ಕೆ ಮಾತ್ರ ಗಮ್ ಹಾಕಿ, ಅದೂ ತೆಳ್ಳಗೆ. ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ಹೋಗುವ ದಾರಿಯನ್ನೇ ಮುಚ್ಚುತ್ತದೆ.

ಗೇರ್ ಶಾಫ್ಟ್, ಕಿಕ್ಕರ್ ಶಾಫ್ಟಿನ ಸೀಲನ್ನು ಎಷ್ಟೋ ಬೈಕುಗಳಲ್ಲಿ ಹೊರಗಿಂದಲೇ ಬದಲಿಸಬಹುದು. ಹಳೆಯದನ್ನು ಕೀಳುವಾಗ ಶಾಫ್ಟಿಗೆ ಗೀರು ಬೀಳಬಾರದು. ಹೊಸ ಸೀಲಿನ ತುಟಿಗೆ ಆಯಿಲ್ ಹಚ್ಚಿ, ಸ್ಪ್ರಿಂಗ್ ಇರುವ ಮುಖ ಒಳಗೆ ಬರುವಂತೆ ಇಟ್ಟು, ಅದೇ ಅಗಲದ ಪೈಪಿನ ತುಂಡಿನಿಂದ ಸಮನಾಗಿ ತಟ್ಟಿ. ಶಾಫ್ಟಿನಲ್ಲೇ ಗಾಡಿ ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು.

ಹೆಡ್ ಮತ್ತು ಬ್ಲಾಕಿನ ನಡುವಿನ ಪ್ಯಾಕಿಂಗ್, ಕ್ರ್ಯಾಂಕ್ ಸೀಲ್, ಇಂಜಿನ್ ಬಿಚ್ಚಬೇಕಾದ ಕೆಲಸ, ಇವು ಮೆಕ್ಯಾನಿಕ್ಕಿಗೇ ಇರಲಿ. ಆದರೆ ಎಲ್ಲಿ ಸೋರುತ್ತಿದೆ ಎಂದು ನೀವೇ ತೋರಿಸಿ. ಆಗ ಬೇಡದ ಜಾಗ ಬಿಚ್ಚುವುದು ತಪ್ಪುತ್ತದೆ.

ಇಳಿಸಿದ ಹಳೆಯ ಆಯಿಲನ್ನು ಡಬ್ಬಿಯಲ್ಲಿ ತುಂಬಿಟ್ಟು ಗ್ಯಾರೇಜಿನವರಿಗೆ ಕೊಡಿ. ಮೋರಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವು ಬಿಂದಿಗೆಯಲ್ಲಿ ನೋಡಿದ್ದೇವೆ.

ಅಜ್ಜ ಅಂಗೈ ಇಟ್ಟದ್ದು

ಈಗ ಬಾವಿಯ ಹತ್ತಿರ ವಾಪಸ್ ಬರೋಣ.

ಇಷ್ಟು ದಿನವೂ ಅಜ್ಜ ಮನೆಯಲ್ಲೇ ಇದ್ದರು. ಮಂಡಿನೋವು, ತೋಟಕ್ಕೆ ಬರುತ್ತಿರಲಿಲ್ಲ. ಇಂಜಿನ್ ಕೊಂಡವರೂ ಅವರೇ, ಇಪ್ಪತ್ತು ವರ್ಷ ಓಡಿಸಿದವರೂ ಅವರೇ. ಆದರೆ ಅವರನ್ನು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಗುಜರಿಯ ಮಾತು ಕಿವಿಗೆ ಬಿದ್ದ ದಿನ ಕೋಲೂರಿಕೊಂಡು ತೋಟಕ್ಕೆ ಬಂದರು. ಓಡುತ್ತಿದ್ದ ಇಂಜಿನ್ನಿನ ಪಕ್ಕ ಕೂತು, ಹೊಟ್ಟೆ ಬಾಗಿಲಿನ ಮೇಲಿದ್ದ ಚಿಕ್ಕ ಮುಚ್ಚಳಕ್ಕೆ ಅಂಗೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಲೋ, ಪ್ಯಾಕಿಂಗ್‌ಗೆ ದುಡ್ಡು ಸುರಿದ್ಯಲ್ಲ, ಇದು ಉಸಿರಾಡ್ತೈತಾ ನೋಡಿದ್ಯಾ?"

"ಇಂಜಿನ್ ಉಸಿರಾಡೋದು ಅಂದ್ರೆ ಏನಪ್ಪಾ?" ಎಂದರು ನಮ್ಮಪ್ಪ.

ನಿಲ್ಲಿಸಿ ಆ ಮುಚ್ಚಳ ಬಿಚ್ಚಿದಾಗ ಒಳಗೆ ಮಣ್ಣು. ಕುಂಬಾರ ಹುಳ ಗೂಡು ಕಟ್ಟಿತ್ತು. ಏಳೆಂಟು ವರ್ಷ ಸುಮ್ಮನೆ ನಿಂತ ಇಂಜಿನ್ನಿನ ಮೂಗು ಅದಕ್ಕೆ ಒಳ್ಳೆಯ ಮನೆಯಾಗಿತ್ತು. ಉಸಿರು ಬಿಡಲು ದಾರಿಯಿಲ್ಲದೆ ಇಂಜಿನ್ ಶಾಫ್ಟಿನ ಸಂದಿಯಿಂದ ಎಣ್ಣೆಯನ್ನು ಉಗುಳುತ್ತಿತ್ತು. ಎಷ್ಟು ಪ್ಯಾಕಿಂಗ್ ಹಾಕಿದರೇನು? ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬರುತ್ತಿತ್ತು.

ಅಜ್ಜ ಕಡ್ಡಿಯಿಂದ ಮಣ್ಣು ತೆಗೆದು, ತಗಡಿನ ಬಿಲ್ಲೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಾಕಿದರು. ಕಾಲು ಗಂಟೆಯ ಕೆಲಸ. ಖರ್ಚು ಒಂದು ಪೈಸೆಯಿಲ್ಲ. ಇಂಜಿನ್ ಶುರುವಾದಾಗ ಅವರು ನನ್ನ ಕೈ ಹಿಡಿದು ಅಲ್ಲಿ ಇಟ್ಟರು. ಬೆಚ್ಚನೆಯ ಗಾಳಿ ಅಂಗೈಗೆ ತಟ್ಟಿ ತಟ್ಟಿ ಬರುತ್ತಿತ್ತು, ಕರುವಿನ ಮೂಗಿನ ಹತ್ತಿರ ಕೈ ಹಿಡಿದಂತೆ.

ಬಾವಿ ಸರಿಯಾಗಲು ಮಾತ್ರ ಹದಿನೈದು ದಿನ ಬೇಕಾಯಿತು. ನೀರಿನ ಮೇಲೆ ಹುಲ್ಲಿನ ಕಟ್ಟು, ಹಳೆಯ ಹತ್ತಿ ಬಟ್ಟೆ ತೇಲಿಬಿಟ್ಟು ಎಣ್ಣೆ ಹೀರಿಸಿ ತೆಗೆದೆವು. ಮೇಲಿನ ನೀರನ್ನು ಮತ್ತೆ ಮತ್ತೆ ಎತ್ತಿ ಹೊರಗೆ ಚೆಲ್ಲಿದೆವು. ಬರದಲ್ಲಿ ನೀರು ಚೆಲ್ಲುವಾಗ ಅವ್ವ ಆ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ದಿನ ನಾಲ್ಕೂ ಮನೆಯವರು ಎರಡು ಮೈಲಿ ದೂರದಿಂದ ನೀರು ಹೊತ್ತರು. ಅಪ್ಪ ಇಂಜಿನ್ ಕಟ್ಟೆಯ ಸುತ್ತ ಸಿಮೆಂಟಿನ ಏರಿ ಕಟ್ಟಿ, ಕೆಳಗೆ ತಗಡಿನ ತಟ್ಟೆ ಇಟ್ಟರು. ಆ ತಟ್ಟೆಗೆ ಆಮೇಲೆ ಬಿದ್ದದ್ದು ಬರೀ ಧೂಳು.

ಅಜ್ಜ ಈಗಿಲ್ಲ. ಇಂಜಿನ್ ಇದೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದನ್ನು ತೊಳೆದು ಓಡಿಸುತ್ತೇವೆ. ಕುಂಕುಮ ಇಡುವ ಮೊದಲು ಅಪ್ಪ ಆ ಚಿಕ್ಕ ಮುಚ್ಚಳಕ್ಕೆ ಅಂಗೈ ಹಿಡಿದು ನೋಡುತ್ತಾರೆ. ನಿಮ್ಮ ಮನೆಯಲ್ಲೂ ಹಳೆಯ ಇಂಜಿನ್ನು ಓಡಿಸಿದ ಹಿರಿಯರು ಇದ್ದರೆ, ಪ್ಯಾಕಿಂಗ್ ತರಲು ಪೇಟೆಗೆ ಹೊರಡುವ ಮೊದಲು ಅವರನ್ನೊಮ್ಮೆ ಕೇಳಿ.